ಸರದಿಯಲ್ಲಿ ಮೂರನೆಯವರು

(ಬಾನುಲಿ ಭಾಷಣ)

ನಂಜನಗೂಡು ತಾಲ್ಲೂಕಿನ ಹೆಡತಲೆ ನನ್ನ ಹುಟ್ಟೂರು. ಅಲ್ಲಿಯ ಲಕ್ಷ್ಮೀಕಾಂತ ದೇವಾಲಯಕ್ಕೆ ದೂರದಿಂದ ಬರುವವರು ಹೊಯ್ಸಳರ ಕಾಲದ ಕಲ್ಲುಕೆಲಸವನ್ನು ಮೆಚ್ಚಿ ಹಿಂದಿರುಗುತ್ತಾರೆ. ಊರಿನವರಾದ ನಮಗೆ ಮಾತ್ರ ಬಂದ ನೆಂಟರಿಗೆ ಹದಿನಾರು ಮುಖದ ಚಾವಡಿಯನ್ನು ತೋರಿಸದಿದ್ದರೆ ಸಮಾಧಾನವಿಲ್ಲ. ಹಿಂದೆ ಇಲ್ಲಿ ಆಳಿದ ನಾಯಕನೊಬ್ಬನಿಗೆ ಹದಿನಾರು ಮಂದಿ ಅಳಿಯಂದಿರಿದ್ದರಂತೆ. ಹಬ್ಬಕ್ಕೆ ಬಂದಾಗ ಯಾರು ಮೇಲೆ ಕೂರಬೇಕು, ಯಾರು ಕೆಳಗೆ ಕೂರಬೇಕು ಎಂಬ ಜಗಳವನ್ನು ತಪ್ಪಿಸಲು ಅವನು ಹದಿನಾರು ಮುಖದ ಚಾವಡಿಯನ್ನು ಕಟ್ಟಿಸಿ, ಒಬ್ಬೊಬ್ಬರಿಗೆ ಒಂದೊಂದು ಮುಖವನ್ನು ಬಿಟ್ಟುಕೊಟ್ಟನೆಂದು ಕಥೆ. ಕಥೆ ನಿಜವೋ ಸುಳ್ಳೋ, ಅದನ್ನು ಕಟ್ಟಿದವನಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು. ಮುಂದೆ ಯಾರು, ಹಿಂದೆ ಯಾರು ಎಂಬ ಪ್ರಶ್ನೆ ಎಲ್ಲಿ ಏಳುತ್ತದೆಯೋ ಅಲ್ಲಿ ಅದನ್ನು ತೀರ್ಮಾನಿಸುವವನೊಬ್ಬ ಬೇಕಾಗುತ್ತಾನೆ. ಆ ತೀರ್ಮಾನಕ್ಕೆ ಬೆಲೆ ಬರುತ್ತದೆ. ಅಳಿಯಂದಿರನ್ನು ಸುತ್ತ ಕೂರಿಸಬಹುದು. ಕಛೇರಿಯ ಮುಂದೆ ಬಂದು ನಿಂತ ರೈತರನ್ನು ಹಾಗೆ ಕೂರಿಸಲು ಬಾರದು. ಅಲ್ಲಿ ಸರದಿಯೆಂಬುದು ಇದ್ದೇ ತೀರಬೇಕು. ನಾನು ಈ ಹೊತ್ತು ಹೇಳಹೊರಟಿರುವ ಲಂಚದ ವಿಚಾರ ಬಹುಮಟ್ಟಿಗೆ ಈ ಸರದಿಯ ವಿಚಾರವೇ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಅರ್ಥಶಾಸ್ತ್ರದ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಸಾಹಿತ್ಯಕ್ಕೆ ಲಂಚ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಲಂಚಕ್ಕೆ ಕೈಯೊಡ್ಡೆನೆಂದು ತನ್ನ ವಚನದಲ್ಲಿ ಪಣ ತೊಟ್ಟಿದ್ದಾಳೆ. ತರಗತಿಯಲ್ಲಿ ಆ ವಚನವನ್ನು ನಾನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ವಿವರಿಸುವಾಗಲೆಲ್ಲ ನನ್ನ ಕಣ್ಣಮುಂದೆ ಇದ್ದದ್ದು ತೆಗೆದುಕೊಳ್ಳುವ ಕೈ. ಹೊಸಗನ್ನಡದ ಕಥೆ ನಾಟಕಗಳಲ್ಲಿ ಕೊಡುವ ಕೈಯೂ ಬರುತ್ತದೆ, ಅದರ ಸಂಕಟವೂ ಬರುತ್ತದೆ. ಕೊಡುವವನೊಬ್ಬ, ಕೊಳ್ಳುವವನೊಬ್ಬ, ಅಲ್ಲಿಗೆ ಚಿತ್ರ ಮುಗಿಯಿತೆಂದೇ ನಾವು ತಿಳಿದಿದ್ದೇವೆ. ಇವರಿಬ್ಬರ ಹಿಂದೆ, ಬಾಗಿಲ ಹೊರಗೆ, ಕೈಯಲ್ಲಿ ಕಾಗದ ಹಿಡಿದು ನಿಂತ ಮೂರನೆಯವರೊಬ್ಬರಿದ್ದಾರೆಂಬುದನ್ನು ನನಗೆ ಕಲಿಸಿದ್ದು ಸಾಹಿತ್ಯವಲ್ಲ, ನಮ್ಮ ಚಿಕ್ಕವ್ವ. ಬಹಳ ಕಾಲದ ಮೇಲೆ ಅರ್ಥಶಾಸ್ತ್ರಜ್ಞರ ಕೆಲವು ಬರಹಗಳನ್ನು ಓದಿದಾಗ ಅವಳ ಪಾಠವೇ ಅಂಕಿಗಳಲ್ಲಿ ಮತ್ತೊಮ್ಮೆ ಕಾಣಿಸಿತು.

ಆ ಪ್ರಸಂಗವನ್ನು ಹೇಳಿಬಿಡುತ್ತೇನೆ. ಅದು ಹೆಡತಲೆಯಲ್ಲಿ ನಡೆದದ್ದಲ್ಲ. ಬೇರೊಂದು ತಾಲ್ಲೂಕಿನಲ್ಲಿರುವ ನನ್ನ ತಾಯಿಯ ತವರಿನಲ್ಲಿ ನಡೆದದ್ದು. ಕಛೇರಿಯ ಹೆಸರು ಇಲ್ಲಿ ಅನಾವಶ್ಯಕ. ನನ್ನ ತಾಯಿಗೆ ಅವಳ ತಂದೆ ಒಂದು ಎಕರೆ ಗದ್ದೆಯನ್ನು ದಾನಪತ್ರ ಮಾಡಿಕೊಟ್ಟಿದ್ದರು. ತಾಯಿ ತೀರಿಕೊಂಡ ಮೇಲೆ ಅದನ್ನು ನನ್ನ ಹೆಸರಿಗೆ ಪೌತಿ ಖಾತೆ ಮಾಡಿಸಬೇಕಾಗಿತ್ತು. 1991ರ ಬೇಸಿಗೆ ರಜೆಯಲ್ಲಿ ಅರ್ಜಿ ಕೊಟ್ಟೆ. ಅದೇ ಊರಿಗೆ ಸೊಸೆಯಾಗಿ ಹೋಗಿದ್ದ ನನ್ನ ತಾಯಿಯ ತಂಗಿ, ಅಂದರೆ ನಮ್ಮ ಚಿಕ್ಕವ್ವ, ತನ್ನ ಗಂಡ ಸತ್ತ ಬಳಿಕ ಅಂಥದೇ ಒಂದು ಅರ್ಜಿಯನ್ನು ಆ ವರ್ಷದ ಸಂಕ್ರಾಂತಿಗೆ ಮುಂಚೆಯೇ ಕೊಟ್ಟಿದ್ದಳು. ನನಗೆ ಕಾಲೇಜು ತೆರೆಯುವುದರೊಳಗೆ ಕೆಲಸವಾಗಬೇಕಾಗಿತ್ತು. ಕಛೇರಿಯ ಮುಂದಿನ ಹೋಟೆಲಿನಲ್ಲಿ ಕಾಫಿ ಕುಡಿಸಿದ ಒಬ್ಬ ಮಧ್ಯಸ್ಥ, ಮೇಷ್ಟ್ರೇ, ಸ್ವಲ್ಪ ಕೈ ಬೆಚ್ಚಗೆ ಮಾಡಿದರೆ ಆಯಿತು ಎಂದ. ಐನೂರು ರೂಪಾಯಿ ಕೊಟ್ಟೆ. ತಕರಾರಿದ್ದವರು ಮೂವತ್ತು ದಿನದೊಳಗೆ ಬಂದು ಹೇಳಬೇಕೆಂಬ ನೋಟೀಸು ಕಾಗದದ ಮೇಲೆ ಮೂವತ್ತು ದಿನ ಗೋಡೆಯ ಮೇಲಿತ್ತು. ವಾಸ್ತವದಲ್ಲಿ ನನ್ನ ಖಾತೆ ಆದದ್ದು ಹನ್ನೊಂದು ದಿನಕ್ಕೆ. ಊರಿಗೆ ಹೋಗಿ ಚಿಕ್ಕವ್ವನಿಗೆ ಸುದ್ದಿ ಹೇಳಿದೆ. “ನಿಂದು ಆಯ್ತಲ್ಲ ಮಗ, ನಂದೂ ಆಯ್ತದೆ ಬುಡು” ಎಂದಳು. ಊಟ ಮಾಡಿಕೊಂಡು ಬಂದೆ.

ಅವಳದು ಆದದ್ದು 1993ರ ನಡುವಿನಲ್ಲಿ. ಈ ನಡುವೆ ಏನಾಯಿತೆಂಬುದು ನನಗೆ ತಿಳಿದದ್ದು ಇನ್ನೂ ಮೂರು ವರ್ಷ ಕಳೆದು, ಅವಳ ಮಗನ ಮದುವೆಗೆ ಹೋದಾಗ. ಪಹಣಿಯಲ್ಲಿ ಸತ್ತವನ ಹೆಸರೇ ಇದ್ದುದರಿಂದ ಸಹಕಾರ ಸಂಘದವರು ಬೆಳೆಸಾಲ ಕೊಡಲಿಲ್ಲ. ಬಿತ್ತನೆಗೆ, ಗೊಬ್ಬರಕ್ಕೆ ನಾಲ್ಕು ಸಾವಿರ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಐದರಂತೆ ಕೈಸಾಲ ತಂದಳು. ತಿಂಗಳಿಗೆ ಇನ್ನೂರು, ಎರಡು ವರ್ಷಕ್ಕೆ ನಾಲ್ಕು ಸಾವಿರದ ಎಂಟುನೂರು. ಸಂಘದ ಬಡ್ಡಿ ಅದರ ಕಾಲುಪಾಲೂ ಆಗುತ್ತಿರಲಿಲ್ಲ. ಅಸಲು ತೀರಿಸಲು ಹಸುವನ್ನು ಮಾರಿದಳು. ಇಷ್ಟನ್ನೂ ಆ ಹುಡುಗ ದೂರುವ ದನಿಯಲ್ಲಿ ಹೇಳಲಿಲ್ಲ. ಮದುವೆಯ ಖರ್ಚಿನ ಮಾತು ಬಂದಾಗ ಹಾಗೆಯೇ ಹೇಳಿದ. ನಾನು ಅಲ್ಲಿಯವರೆಗೆ ನನ್ನ ಐನೂರು ರೂಪಾಯಿಯನ್ನು ನನಗಾದ ನಷ್ಟವೆಂದು ತಿಳಿದಿದ್ದೆ.

ನನ್ನೊಬ್ಬನ ಐನೂರರಿಂದ ಅವಳಿಗೆ ಎರಡು ವರ್ಷ ತಡವಾಯಿತೆಂದು ಹೇಳಿದರೆ ಅದು ಲೆಕ್ಕಕ್ಕೆ ಸರಿಬಾರದ ಪಶ್ಚಾತ್ತಾಪವಾದೀತು. ನನ್ನಂಥವರು ಅನೇಕರಿದ್ದರು. ಒಬ್ಬೊಬ್ಬ ಮುಂದೆ ಹೋದಂತೆಲ್ಲ ಅವಳ ಕಾಗದ ಒಂದೊಂದು ಮೆಟ್ಟಿಲು ಕೆಳಗಿಳಿಯಿತು. ಆದರೆ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ನಾನು ಹಣ ಕೊಟ್ಟದ್ದೇಕೆ? ಕೊಡದವರ ಗತಿ ಏನಾಗುತ್ತದೆಂಬುದು ನನಗೆ ಗೊತ್ತಿತ್ತು. ಚಿಕ್ಕವ್ವನ ಅರ್ಜಿ ನಾಲ್ಕು ತಿಂಗಳಿಂದ ಕೊಳೆಯುತ್ತಿದೆಯೆಂಬುದೇ ನನ್ನ ಜೇಬಿನಿಂದ ಐನೂರು ರೂಪಾಯಿಯನ್ನು ತೆಗೆಸಿದ ವಾದ. ಅವಳು ಕಾಯುತ್ತಿದ್ದುದರಿಂದಲೇ ನನ್ನ ಹಣಕ್ಕೆ ಬೆಲೆ ಬಂತು. ಕೊಡದವರು ಹನ್ನೊಂದು ದಿನದಲ್ಲಿ ಖಾತೆ ಪಡೆಯುವಂತಿದ್ದರೆ ಯಾವ ಮೂರ್ಖ ಕೊಟ್ಟಾನು? ಲಂಚ ತೆಗೆದುಕೊಳ್ಳುವವನು ಮಾರುವ ಸರಕು ಯಾವುದೆಂದು ಕೇಳಿದರೆ ನಾವು ವೇಗವೆನ್ನುತ್ತೇವೆ. ಅವನ ಬಳಿ ವೇಗವೆಂಬ ಸರಕೇ ಇಲ್ಲ. ಅವನು ಮಾರುವುದು ಇನ್ನೊಬ್ಬರ ಕಾಯುವಿಕೆಯನ್ನು.

ಅರ್ಥಶಾಸ್ತ್ರಜ್ಞರು ಇದನ್ನು ಕುರಿತು ಬಹಳ ಹಿಂದೆಯೇ ಜಗಳವಾಡಿದ್ದಾರೆ. ಲಾಲ್ ಬಹಾದೂರ್ ಶಾಸ್ತ್ರಿಯವರು ಕೇಂದ್ರದ ಗೃಹಮಂತ್ರಿಗಳಾಗಿದ್ದಾಗ, 1962ರಲ್ಲಿ, ಕೆ. ಸಂತಾನಂ ಅವರ ಅಧ್ಯಕ್ಷತೆಯಲ್ಲಿ ಭ್ರಷ್ಟಾಚಾರ ತಡೆಯ ಸಮಿತಿಯೊಂದು ನೇಮಕವಾಯಿತು. 1964ರ ಅದರ ವರದಿಯಲ್ಲಿ ‘ವೇಗದ ಹಣ’ ಎಂಬ ಮಾತು ಬರುತ್ತದೆ. ಹಣ ಕೊಡುವವನು ಅನೇಕ ವೇಳೆ ಅನ್ಯಾಯವಾದುದನ್ನೇನೂ ಕೇಳುತ್ತಿಲ್ಲ, ತನ್ನ ಕಾಗದ ಬೇಗ ಸಾಗಲೆಂದಷ್ಟೇ ಕೊಡುತ್ತಾನೆ ಎಂಬುದು ಸಮಿತಿಯ ಕಣ್ಣಿಗೆ ಬಿದ್ದಿತ್ತು. ಅದೇ ವರ್ಷ ಅಮೆರಿಕದ ನತಾನಿಯಲ್ ಲೆಫ್ ಎಂಬ ವಿದ್ವಾಂಸರು, ಹಿಂದುಳಿದ ದೇಶಗಳಲ್ಲಿ ಲಂಚವು ಗಾಡಿಯ ಕೀಲಿಗೆ ಎಣ್ಣೆಯಿದ್ದಂತೆ, ಅದರಿಂದ ಅಭಿವೃದ್ಧಿಗೆ ಅನುಕೂಲವೇ ಆಗಬಹುದು ಎಂದು ವಾದಿಸಿದರು. 1985ರಲ್ಲಿ ಫ್ರಾನ್ಸಿಸ್ ಲುಯಿ ಎಂಬವರು ಸರದಿಯ ಗಣಿತವನ್ನೇ ಕಟ್ಟಿ, ಯಾರಿಗೆ ಸಮಯದ ಬೆಲೆ ಹೆಚ್ಚೋ ಅವರು ಹಣ ಕೊಟ್ಟು ಮುಂದೆ ಹೋಗುವುದಾದರೆ ಗುಮಾಸ್ತೆಯೂ ಚುರುಕಾಗಿ ಕೆಲಸ ಮಾಡಬಹುದೆಂದು ತೋರಿಸಿದರು. ಗಣಿತದಲ್ಲಿ ತಪ್ಪಿಲ್ಲ. ಆದರೆ ಚಿಕ್ಕವ್ವನ ಸಮಯಕ್ಕೆ ಬೆಲೆ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು? ಅವಳ ಒಂದು ತಿಂಗಳಿಗೆ ಇನ್ನೂರು ರೂಪಾಯಿ ಬೆಲೆಯಿತ್ತು. ನನ್ನದಕ್ಕೆ ಇದ್ದದ್ದು ಇನ್ನೊಮ್ಮೆ ಬಸ್ಸು ಹತ್ತುವ ಬೇಸರ ಮಾತ್ರ. ಅವಳಲ್ಲಿ ಕಡಿಮೆಯಿದ್ದದ್ದು ಕೈಯಲ್ಲಿನ ದುಡ್ಡು. ಇವೆರಡನ್ನೂ ಒಂದೆಂದು ಎಣಿಸಿದಾಗಲೇ ಎಣ್ಣೆಯ ಉಪಮೆ ಚೆನ್ನಾಗಿ ಕಾಣುತ್ತದೆ.

ಇದಕ್ಕೆ ಸರಿಯಾದ ಉತ್ತರವನ್ನು ಕೊಟ್ಟವರು ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್. ಏಷ್ಯದ ದೇಶಗಳನ್ನು ಕುರಿತು 1968ರಲ್ಲಿ ಅವರು ಪ್ರಕಟಿಸಿದ ಬೃಹದ್ಗ್ರಂಥದಲ್ಲಿ, ವೇಗಕ್ಕೆ ಹಣ ಬರುವುದಾದರೆ ಅಧಿಕಾರಿ ಮೊದಲು ನಿಧಾನವನ್ನು ಸೃಷ್ಟಿಸಿಕೊಳ್ಳುತ್ತಾನೆಂದು ತೋರಿಸಿದರು. ಮುಂದೆ 1999ರಲ್ಲಿ ಡ್ಯಾನಿಯಲ್ ಕಾಫ್‌ಮನ್ ಮತ್ತು ಷಾಂಗ್-ಜಿನ್ ವೇ ಎಂಬಿಬ್ಬರು ಅನೇಕ ದೇಶಗಳ ಉದ್ಯಮಿಗಳ ಉತ್ತರಗಳನ್ನು ಕೂಡಿಸಿ ನೋಡಿದಾಗ, ಹೆಚ್ಚು ಲಂಚ ಕೊಡುವ ಸಂಸ್ಥೆಗಳೇ ಅಧಿಕಾರಿಗಳ ಮುಂದೆ ಹೆಚ್ಚು ಹೊತ್ತು ಕಳೆಯುತ್ತಿದ್ದುದು ಕಂಡುಬಂತು. ಎಣ್ಣೆ ಹಾಕಿದಷ್ಟೂ ಗಾಲಿ ಕಿರುಗುಟ್ಟುವುದನ್ನು ಕಲಿಯುತ್ತದೆ.

ಹಾಗಾದರೆ ಮದ್ದೇನು? ಲಂಚಗುಳಿತನ ಮನುಷ್ಯಸ್ವಭಾವ, ಅದಕ್ಕೆ ಮದ್ದಿಲ್ಲ ಎಂಬ ಮಾತು ನಮ್ಮ ಜಗಲಿಗಳಲ್ಲಿ ಬಹಳ ಹಿತವಾಗಿ ಸಾಗುತ್ತದೆ. ಸ್ವಭಾವದ ಮಾತನ್ನು ಬದಿಗಿಟ್ಟು ಸನ್ನಿವೇಶವನ್ನು ನೋಡಿದವರಲ್ಲಿ ರಾಬರ್ಟ್ ಕ್ಲಿಟ್‌ಗಾರ್ಡ್ ಪ್ರಮುಖರು. 1988ರ ಅವರ ಗ್ರಂಥದ ಸೂತ್ರ ಬಹಳ ಸರಳ: ಒಂದು ವಸ್ತು ಒಬ್ಬನ ಕೈಯಲ್ಲಿ ಮಾತ್ರ ಇರುವುದು, ಅದನ್ನು ಕೊಡುವುದು ಬಿಡುವುದು ಅವನ ಇಚ್ಛೆಗೆ ಸೇರಿರುವುದು, ಈ ಎರಡನ್ನು ಕೂಡಿಸಿ, ಅದರಿಂದ ಅವನು ಲೆಕ್ಕ ಒಪ್ಪಿಸಬೇಕಾದ ಹೊಣೆಯನ್ನು ಕಳೆದರೆ ಉಳಿಯುವುದೇ ಭ್ರಷ್ಟಾಚಾರ. ನಮ್ಮ ಹಳ್ಳಿಯ ಜಮೀನಿನ ದಾಖಲೆ ಈ ಸೂತ್ರಕ್ಕೆ ಬರೆದಿಟ್ಟ ಉದಾಹರಣೆಯಂತಿತ್ತು. ಹಿಂದೆ ಆ ಪುಸ್ತಕಗಳು ವಂಶಪಾರಂಪರ್ಯದ ಶಾನುಭೋಗರ ಮನೆಯಲ್ಲಿರುತ್ತಿದ್ದವು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಶಾನುಭೋಗಿಕೆ ಪಟೇಲಿಕೆಗಳು ಹೋದವು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಶಾನುಭೋಗರ ಕಾಲವೇ ಚೆನ್ನಾಗಿತ್ತೆಂದು ನಿಟ್ಟುಸಿರು ಬಿಡುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಶಾನುಭೋಗರ ಜಗಲಿಯ ಮೇಲೆ ಕೂರಬಹುದಾಗಿದ್ದವರು, ಕೆಳಗೆ ನಿಲ್ಲಬೇಕಾಗಿದ್ದವರಲ್ಲ. ಮನುಷ್ಯ ಬದಲಾದ; ಪುಸ್ತಕ ಒಬ್ಬನ ಬಗಲಲ್ಲಿಯೇ ಉಳಿಯಿತು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಬಗಲಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ದಾಖಲೆಗಳಿದ್ದವು. ಅವರನ್ನು ಹುಡುಕುವುದೇ ಒಂದು ದಿನದ ಕೆಲಸ. ಸಿಕ್ಕರೆ ಪುಸ್ತಕ ಮನೆಯಲ್ಲಿದೆ, ನಾಳೆ ಬನ್ನಿ.

ಕರ್ನಾಟಕ ಸರ್ಕಾರದ ‘ಭೂಮಿ’ ಎಂಬ ಯೋಜನೆ 2002ರ ಹೊತ್ತಿಗೆ ಈ ದಾಖಲೆಗಳನ್ನೆಲ್ಲ ಗಣಕಯಂತ್ರಕ್ಕೆ ತುಂಬಿತು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿದರು. ಇದರ ಪತ್ರಿಕಾ ಪ್ರಶಂಸೆಯನ್ನು ತಾವೆಲ್ಲ ಓದಿದ್ದೀರಿ. ನನಗೆ ಅದರಲ್ಲಿ ಮುಖ್ಯವೆಂದು ತೋರಿದ್ದು ಯಂತ್ರವಲ್ಲ, ಯಂತ್ರದೊಳಗೆ ಇಟ್ಟ ಒಂದು ನಿಯಮ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕು. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು. ಹಿಂದಿನ ಅರ್ಜಿಯನ್ನು ಹಾರಿ ಮುಂದಿನದಕ್ಕೆ ಕೈಹಾಕಲು ಯಂತ್ರ ಸುಮ್ಮನೆ ಒಪ್ಪದು. ಅಧಿಕಾರಿ ತನ್ನ ಬೆರಳಿನ ಗುರುತನ್ನು ಒತ್ತಿಯೇ ಒಳಗೆ ಹೋಗಬೇಕಾದ್ದರಿಂದ ಯಾರು ಯಾವಾಗ ಏನು ಮಾಡಿದರೆಂಬುದು ದಾಖಲೆಯಾಗುತ್ತದೆ. ಈ ನಿಯಮವನ್ನು ಮೊದಲು ಓದಿದ ದಿನ ನಾನು ಪುಸ್ತಕವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇದು ಹತ್ತು ವರ್ಷ ಮುಂಚೆ ಬಂದಿದ್ದರೆ ನನ್ನ ಐನೂರು ರೂಪಾಯಿಗೆ ಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಸ್ಯಾಮ್ಯುಯಲ್ ಪಾಲ್ ಅವರು ಕಟ್ಟಿದ ಸಾರ್ವಜನಿಕ ವ್ಯವಹಾರಗಳ ಕೇಂದ್ರವೆಂಬ ಸಂಸ್ಥೆ 1994ರಲ್ಲಿ ನಗರದ ಕಛೇರಿಗಳಿಗೆ ಪ್ರಜೆಗಳಿಂದಲೇ ಅಂಕ ಹಾಕಿಸಿ ಪ್ರಕಟಿಸಿತ್ತು. ಮೇಷ್ಟರಾದ ನನಗೆ ಆ ವಿಧಾನ ಸಹಜವಾಗಿಯೇ ರುಚಿಸಿತು. ಅದೇ ಕೇಂದ್ರ ಭೂಮಿ ಯೋಜನೆಯನ್ನೂ ಪರೀಕ್ಷಿಸಿತು. ಹಳೆಯ ಪದ್ಧತಿಯಲ್ಲಿ ಪಹಣಿ ಪಡೆದವರಲ್ಲಿ ಮೂವರಿಗೆ ಇಬ್ಬರು ಲಂಚ ಕೊಟ್ಟುದಾಗಿ ಹೇಳಿದರೆ, ಹೊಸ ಕಿಟಕಿಯಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರು. ಇಂಥ ಇಳಿತ ಆಡಳಿತದಲ್ಲಿ ಅಪರೂಪ.

ಇಲ್ಲಿಗೆ ಭಾಷಣ ಮುಗಿಸಿದರೆ ಸುಖಾಂತವಾಗುತ್ತಿತ್ತು. ಆದರೆ ಲಂಚವು ನೀರಿನ ಗುಣದ್ದು. ಒಂದು ಕಡೆ ಒಡ್ಡು ಹಾಕಿದರೆ ತಗ್ಗಿರುವ ಇನ್ನೊಂದು ಕಡೆಗೆ ಹರಿಯುತ್ತದೆ. ಪಹಣಿಯ ಪ್ರತಿ ಕೊಡುವುದರಲ್ಲಿ ಯಾರ ಇಚ್ಛೆಯೂ ಬೇಕಿಲ್ಲ. ಅದನ್ನು ಯಂತ್ರವೇ ಕೊಡಬಲ್ಲುದು. ಖಾತೆ ಬದಲಾವಣೆಗೆ ಕಂದಾಯ ನಿರೀಕ್ಷಕರ, ಹಳೆಯ ಮಾತಿನಲ್ಲಿ ಶೇಕದಾರರ, ಒಪ್ಪಿಗೆ ಬೇಕು. ಅಣ್ಣತಮ್ಮಂದಿರು ಹಂಚಿಕೊಂಡ ಜಮೀನಿಗೆ ಪೋಡಿಯಾಗಬೇಕಾದರೆ ಭೂಮಾಪಕ ಹೊಲಕ್ಕೇ ಬಂದು ಸರಪಳಿ ಹಿಡಿಯಬೇಕು. ಅವನು ಯಾವ ದಿನ ಬರುತ್ತಾನೆ, ಬಂದವನು ಬದುವನ್ನು ಎಲ್ಲಿ ಕಾಣುತ್ತಾನೆ ಎಂಬುದನ್ನು ಯಂತ್ರ ನಿರ್ಣಯಿಸಲಾರದು. ತಕರಾರಿದೆಯೆಂದು ಒಂದು ಗೆರೆ ಬರೆದರೆ ಅರ್ಜಿ ಸರದಿಯಿಂದಲೇ ಹೊರಬೀಳುತ್ತದೆ. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಅಂಚಿನ ಊರುಗಳಲ್ಲಿ ಅಧ್ಯಯನ ಮಾಡಿ 2007ರಲ್ಲಿ ಬರೆದ ಪ್ರಬಂಧ ಇದನ್ನು ಬಹಳ ಕಟುವಾಗಿ ಹೇಳುತ್ತದೆ. ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ ಏರಿದ ಮೇಲೆ ಅಲ್ಲಿ ಲಂಚ ಹೆಚ್ಚಿತು, ಸಣ್ಣ ರೈತನಿಗೆ ಊರಿನಲ್ಲಿದ್ದ ಪರಿಚಯದ ಬಲ ತಪ್ಪಿತು, ಜಮೀನು ಕೊಳ್ಳುವ ದೊಡ್ಡ ಕುಳಗಳಿಗೆ ಮಾತ್ರ ಎಲ್ಲವೂ ಒಂದೇ ಕಡೆ ಸಿಕ್ಕಿ ಅನುಕೂಲವಾಯಿತು ಎಂಬುದು ಅವರ ವಾದ. ಈ ಎರಡು ವರದಿಗಳಲ್ಲಿ ಒಂದು ಸುಳ್ಳಾಗಬೇಕೆಂದು ನನಗೆ ತೋರುವುದಿಲ್ಲ. ಒಂದು ಪಹಣಿಯ ಕಿಟಕಿಯನ್ನು ನೋಡಿತು, ಇನ್ನೊಂದು ಅದರ ಹಿಂದಿನ ಕೋಣೆಯನ್ನು ನೋಡಿತು.

ಹಿಂದಿನ ಕೋಣೆಯಲ್ಲಿರುವವನನ್ನೂ ಸ್ವಲ್ಪ ನೋಡಬೇಕು. ರಾಬರ್ಟ್ ವೇಡ್ ಎಂಬ ಸಂಶೋಧಕರು ದಕ್ಷಿಣ ಭಾರತದ ಕಾಲುವೆ ನೀರಾವರಿಯ ಇಲಾಖೆಯೊಂದನ್ನು ಹಳ್ಳಿಯಲ್ಲಿ ಕುಳಿತು ಅಭ್ಯಾಸ ಮಾಡಿ 1982ರಲ್ಲಿ ಬರೆದರು. ರೈತರಿಂದ, ಗುತ್ತಿಗೆದಾರರಿಂದ ಬರುವ ಹಣ ಇಂಜಿನಿಯರನ ಜೇಬಿನಲ್ಲಿ ನಿಲ್ಲುತ್ತಿರಲಿಲ್ಲ. ಒಳ್ಳೆಯ ಜಾಗಕ್ಕೆ ವರ್ಗವಾಗಲು ಅವನು ಮೊದಲೇ ಹಣ ಸುರಿದಿರುತ್ತಿದ್ದ. ಆ ಹಣ ಮೇಲಿನವರಿಗೆ, ಅಲ್ಲಿಂದ ರಾಜಕಾರಣಿಗಳಿಗೆ ಹೋಗುತ್ತಿತ್ತು. ಕುರ್ಚಿಯನ್ನು ಸಾಲಮಾಡಿ ಕೊಂಡವನಿಗೆ ಉಪದೇಶ ಹೇಳಿ ಏನು ಫಲ? ವರ್ಗಾವಣೆಯ ಸಂತೆ ನಡೆಯುತ್ತಿರುವವರೆಗೆ ಕೆಳಗಿನ ಗುಮಾಸ್ತೆ ಬರಿಯ ವಸೂಲಿದಾರ. ನನ್ನ ಐನೂರು ರೂಪಾಯಿ ಎಷ್ಟು ಕೈಗಳಲ್ಲಿ ಹಂಚಿಹೋಯಿತೋ ನಾನರಿಯೆ.

ಲೋಕಾಯುಕ್ತದ ವಿಚಾರವನ್ನು ತಾವು ನಿರೀಕ್ಷಿಸುತ್ತಿರಬಹುದು. 1984ರ ಕಾಯಿದೆಯಿಂದ ಬಂದ ಆ ಸಂಸ್ಥೆ ನ್ಯಾಯಮೂರ್ತಿ ವೆಂಕಟಾಚಲ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಇವರ ಕಾಲದಲ್ಲಿ ಮನೆಮಾತಾಯಿತು. 2011ರ ಗಣಿಗಾರಿಕೆಯ ವರದಿಯ ಬೆನ್ನಿಗೆ ಮುಖ್ಯಮಂತ್ರಿಗಳೇ ರಾಜೀನಾಮೆ ಕೊಟ್ಟರು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವೆಂಬುದನ್ನು ಹುಟ್ಟುಹಾಕಿ ಲೋಕಾಯುಕ್ತ ಪೊಲೀಸರ ಕೈ ಕಟ್ಟಿದರು. 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯ ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಹಿಂದಿರುಗಿಸಿತು. ಬಲೆಗೆ ಬಿದ್ದವನ ಭಾವಚಿತ್ರ ಪತ್ರಿಕೆಯಲ್ಲಿ ಬಂದಾಗ ನನಗೂ ಸಂತೋಷವಾಗುತ್ತದೆ. ಆದರೆ ದಾಳಿ ನಡೆಯುವುದು ದೂರು ಕೊಡುವ ಧೈರ್ಯವಿದ್ದವನ ಮೂಲಕ. ಚಿಕ್ಕವ್ವ ಯಾರ ಮೇಲೆ ದೂರು ಕೊಡಬೇಕಾಗಿತ್ತು? ಅವಳನ್ನು ಯಾರೂ ಲಂಚ ಕೇಳಿರಲಿಲ್ಲ. ಅವಳ ಕಾಗದವನ್ನು ಮುಟ್ಟದೆ ಇದ್ದರು, ಅಷ್ಟೆ.

ಮುಟ್ಟದೆ ಇರುವುದನ್ನೇ ಅಪರಾಧವೆಂದು ಎಣಿಸಿದ್ದು ‘ಸಕಾಲ’. 2011ರ ನಾಗರಿಕ ಸೇವೆಗಳ ಖಾತರಿ ಕಾಯಿದೆಯ ಪ್ರಕಾರ 2012ರ ಏಪ್ರಿಲ್‌ನಿಂದ ಒಂದೊಂದು ಸೇವೆಗೂ ಇಷ್ಟು ದಿನವೆಂದು ಗೊತ್ತುಮಾಡಿ, ಅರ್ಜಿ ಕೊಟ್ಟವರಿಗೆ ಸಂಖ್ಯೆಯಿರುವ ಚೀಟಿ ಕೊಡುವ ಏರ್ಪಾಡಾಯಿತು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ ಪರಿಹಾರ. ನನ್ನ ಲಂಚದ ಮೊತ್ತವೂ ಸರ್ಕಾರದ ಗರಿಷ್ಠ ಪರಿಹಾರವೂ ಒಂದೇ ಆದದ್ದು ಆಕಸ್ಮಿಕ! ಹಣ ಚಿಕ್ಕದು, ಆ ಚೀಟಿ ಚಿಕ್ಕದಲ್ಲ. 1991ರಲ್ಲಿ ಚಿಕ್ಕವ್ವನಿಗೆ ತಾನು ಅರ್ಜಿ ಕೊಟ್ಟದ್ದಕ್ಕೆ ತನ್ನ ನೆನಪಲ್ಲದೆ ಬೇರೆ ಸಾಕ್ಷಿಯಿರಲಿಲ್ಲ.

ಇಂಥ ಚೀಟಿಗೆ ಎಷ್ಟು ಬಲವಿದೆಯೆಂಬುದನ್ನು ಪರೀಕ್ಷಿಸಿ ನೋಡಿದ ಇಬ್ಬರಿದ್ದಾರೆ. ಲಿಯೊನಿಡ್ ಪೈಸಾಖಿನ್ ಮತ್ತು ಪಾಲ್ ಪಿಂಟೊ ದೆಹಲಿಯ ಕೊಳೆಗೇರಿಯ ನಿವಾಸಿಗಳಿಂದ ಪಡಿತರ ಚೀಟಿಗೆ ಅರ್ಜಿ ಹಾಕಿಸಿ, ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನವರು ಸುಮ್ಮನೆ ಕಾದರು. ಒಂದು ಗುಂಪಿನವರು ಸ್ವಯಂಸೇವಾ ಸಂಸ್ಥೆಯ ಶಿಫಾರಸು ಪತ್ರವನ್ನು ಲಗತ್ತಿಸಿದರು. ಮೂರನೆಯವರು ಲಂಚ ಕೊಟ್ಟರು. ನಾಲ್ಕನೆಯವರು ತಮ್ಮ ಅರ್ಜಿ ಎಲ್ಲಿದೆಯೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಕೇಳಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಲಂಚ ಕೊಟ್ಟವರಿಗೆ ಎಲ್ಲರಿಗಿಂತ ಬೇಗ ಸಿಕ್ಕಿತು, ಮಾಹಿತಿ ಕೇಳಿದವರಿಗೆ ಹೆಚ್ಚುಕಡಿಮೆ ಅಷ್ಟೇ ಬೇಗ ಸಿಕ್ಕಿತು, ಉಳಿದೆರಡು ಗುಂಪಿನವರಲ್ಲಿ ಬಹುಮಂದಿ ಕಾಯುತ್ತಲೇ ಇದ್ದರು. ದೊಡ್ಡವರ ಶಿಫಾರಸಿಗಿಂತ ಬಡವನೊಬ್ಬ ತಾನೇ ಕೇಳುವ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡಿತೆಂಬುದು ನನ್ನ ಮಟ್ಟಿಗೆ ಈ ಇಡೀ ಸಂಶೋಧನೆಯಲ್ಲಿ ಅತ್ಯಂತ ಆಪ್ಯಾಯಮಾನವಾದ ಸಂಗತಿ.

ಎಲ್ಲ ಸಂಶೋಧನೆಯೂ ಹೀಗೆ ಸಂತೋಷ ಕೊಡುವುದಿಲ್ಲ. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚು ಹಾಜರಿಯ ಯಂತ್ರವನ್ನಿಟ್ಟು ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಪರೀಕ್ಷಿಸಿದರು. ದಾದಿಯರೂ ಇತರ ಸಿಬ್ಬಂದಿಯೂ ಹೆಚ್ಚು ದಿನ ಬಂದರು. ಅಲ್ಲಿ ಹುಟ್ಟಿದ ಮಕ್ಕಳ ತೂಕವೂ ಸುಧಾರಿಸಿತು. ವೈದ್ಯರ ಹಾಜರಿ ಮಾತ್ರ ಇದ್ದಲ್ಲಿಯೇ ಇತ್ತು. ಬರದವರ ಮೇಲೆ ಕ್ರಮ ಕೈಕೊಳ್ಳಲು ಮೇಲಿನವರಿಗೆ ಮನಸ್ಸಿರಲಿಲ್ಲ. ವೈದ್ಯರು ಕೆಲಸ ಬಿಟ್ಟು ಹೋದರೆ ಏನು ಗತಿಯೆಂಬ ಅಂಜಿಕೆ. ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳ ಮೇಲೆ ಅದೇ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಇನ್ನೊಂದು ಪ್ರಯೋಗ ನಡೆಸಿದರು. ಒಬ್ಬೊಬ್ಬರೂ ಏಕಾಂತದಲ್ಲಿ 42 ಸಲ ದಾಳ ಉರುಳಿಸಿ, ಬಿದ್ದ ಗರವನ್ನು ತಾವೇ ಬರೆದುಕೊಡಬೇಕು. ಗರ ಹೆಚ್ಚಾದಷ್ಟೂ ಹಣ. ಅದೃಷ್ಟವೂ ಒಪ್ಪದಷ್ಟು ದೊಡ್ಡ ಗರಗಳನ್ನು ಬರೆದವರೇ ಸರ್ಕಾರಿ ಕೆಲಸವನ್ನು ಹೆಚ್ಚು ಬಯಸುವವರೆಂದು 2017ರಲ್ಲಿ ಪ್ರಕಟಿಸಿದರು. ಡೆನ್ಮಾರ್ಕಿನಲ್ಲಿ ಇಂಥದೇ ಪ್ರಯೋಗ ಮಾಡಿದಾಗ ಅಲ್ಲಿ ಪ್ರಾಮಾಣಿಕರೇ ಸರ್ಕಾರಿ ಸೇವೆಯನ್ನು ಬಯಸಿದರಂತೆ. ನನ್ನ ಶಿಷ್ಯರಲ್ಲಿ ಅನೇಕರು ಸರ್ಕಾರಿ ನೌಕರಿಯಲ್ಲಿದ್ದಾರೆ; ನಾನು ಬಲ್ಲ ಅತ್ಯಂತ ಶುದ್ಧ ಕೈಗಳಲ್ಲಿ ಕೆಲವು ಅವರವು. ಆದ್ದರಿಂದ ಈ ಫಲಿತಾಂಶವನ್ನು ತೀರ್ಪೆಂದು ಓದದೆ, ಕುರ್ಚಿಗೆ ಯಾವ ಕೀರ್ತಿಯಿದೆಯೋ ಅದಕ್ಕೆ ತಕ್ಕವರು ಅದರ ಕಡೆಗೆ ನಡೆಯುತ್ತಾರೆಂಬ ಎಚ್ಚರಿಕೆಯಾಗಿ ಓದಿಕೊಂಡಿದ್ದೇನೆ.

ಕೊನೆಯದಾಗಿ, ನನ್ನ ಅಪರಾಧದ ವಿಚಾರ. 2011ರಲ್ಲಿ, ಕೇಂದ್ರ ಸರ್ಕಾರದ ಆರ್ಥಿಕ ಸಲಹೆಗಾರರಾಗಿದ್ದ ಕೌಶಿಕ್ ಬಸು ಒಂದು ಸಲಹೆ ಮಾಡಿ ದೊಡ್ಡ ಗದ್ದಲಕ್ಕೆ ಕಾರಣರಾದರು. ತನಗೆ ನ್ಯಾಯವಾಗಿ ಸಲ್ಲಬೇಕಾದುದಕ್ಕೆ ಲಂಚ ಕೊಟ್ಟವನನ್ನು ಅಪರಾಧಿಯೆನ್ನಬಾರದು, ತೆಗೆದುಕೊಂಡವನನ್ನು ಮಾತ್ರ ದಂಡಿಸಬೇಕು, ಕೊಟ್ಟ ಹಣವನ್ನು ವಾಪಸು ಕೊಡಿಸಬೇಕು ಎಂಬುದು ಆ ಸಲಹೆ. ಹಾಗಾದರೆ ಕೊಟ್ಟವನೇ ಹೋಗಿ ದೂರು ಕೊಡುತ್ತಾನೆ, ಆ ಭಯದಿಂದ ತೆಗೆದುಕೊಳ್ಳುವವನ ಕೈ ಹಿಂದೆ ಸರಿಯುತ್ತದೆ ಎಂಬ ಜಾಣತನ ಅದರಲ್ಲಿತ್ತು. 2018ರ ತಿದ್ದುಪಡಿ ಬೇರೆ ದಾರಿ ಹಿಡಿಯಿತು. ಕೊಡುವುದೂ ಅಪರಾಧ, ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ತಿಳಿಸಿದರೆ ಮಾತ್ರ ವಿನಾಯಿತಿ. ಬಸು ಅವರ ತರ್ಕವನ್ನು ನಾನು ಮೆಚ್ಚುತ್ತೇನೆ, ಆದರೆ ನನಗೆ ಅದರ ಆಶ್ರಯ ಬೇಡ. ನ್ಯಾಯವಾಗಿ ನನಗೆ ಸಲ್ಲಬೇಕಾದದ್ದು ಖಾತೆ ಮಾತ್ರವೇ, ಹನ್ನೊಂದು ದಿನವಲ್ಲ. ನಾನು ಕೊಂಡದ್ದು ಹನ್ನೊಂದು ದಿನವನ್ನು.

ಈ ಭಾಷಣಕ್ಕೆ ಒಪ್ಪಿಕೊಂಡ ಮೇಲೆ, ನೆನಪನ್ನೇ ನಂಬಬಾರದೆಂದು, ಆ ಊರಿನ ಹಕ್ಕು ಬದಲಾವಣೆಯ ಹಳೆಯ ವಹಿಯಿಂದ ಎರಡು ನಮೂದುಗಳ ನಕಲನ್ನು ಅರ್ಜಿ ಕೊಟ್ಟು ತರಿಸಿದೆ. ಈ ಸಲ ಚೀಟಿಯನ್ನು ಹಿಡಿದು ಸರದಿಯಲ್ಲಿಯೇ ನಿಂತಿದ್ದೆ. ಎರಡು ಸಲ ಹೋಗಬೇಕಾಯಿತು. ಚಿಕ್ಕವ್ವ ಈಗಿಲ್ಲ. ಅವಳ ಗದ್ದೆಯನ್ನು ಮೊಮ್ಮಕ್ಕಳು ಮಾಡುತ್ತಿದ್ದಾರೆ. ಸಣ್ಣ ಅಕ್ಷರದ ಆ ವಹಿಯಲ್ಲಿ ನನ್ನ ನಮೂದು ಮೊದಲಿದೆ, ಅವಳದು ಅನೇಕ ಪುಟಗಳ ಆಚೆ ಇದೆ. ಮಂಜೂರಾದ ದಿನಾಂಕಗಳಿವೆ, ಮೊಹರುಗಳಿವೆ, ಸಹಿಗಳಿವೆ. ಅರ್ಜಿ ಬಂದ ದಿನವನ್ನು ಎಲ್ಲಿಯೂ ಬರೆದಿಲ್ಲ. ಆ ವಹಿಯನ್ನು ಓದಿದ ಯಾರೇ ಆಗಲಿ, ಮೊದಲು ಬಂದವನು ನಾನೇ ಎಂದು ತಿಳಿಯುತ್ತಾರೆ.